ಚೀಲಕ್ಕೆ ಕೈ ಹಾಕುವ ಮೊದಲು

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವನು ನಾನು. ಹತ್ತಿ ಸೀಜನ್ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಸೀಜನ್ ಮುಗಿದರೆ ಮಧ್ಯಾಹ್ನ ಕಳೆಯುವುದೇ ಕಷ್ಟ. ಅಂಥ ಒಂದು ಬೇಸಿಗೆಯಲ್ಲಿ ಮಗಳಿಗೆ ನಾಲ್ಕು ಇಂಗ್ಲಿಷ್ ಪದ ಬರಲಿ ಅಂತ ಸ್ಕ್ರ್ಯಾಬಲ್ ತಂದೆ. ಚೀಲದಿಂದ ಏಳು ಅಕ್ಷರದ ಬಿಲ್ಲೆ ತೆಗೆದುಕೊಂಡು ಬೋರ್ಡಿನ ಮೇಲೆ ಪದ ಜೋಡಿಸುವ ಆಟ. ಒಂದೊಂದು ಅಕ್ಷರಕ್ಕೆ ಒಂದೊಂದು ಬೆಲೆ, ಇಟ್ಟಷ್ಟು ಬಿಲ್ಲೆ ಮತ್ತೆ ಚೀಲದಿಂದ. ಅವಳು ಎರಡು ವಾರ ಆಡಿ ಬಿಟ್ಟಳು. ನನಗೆ ಹುಚ್ಚು ಹಿಡಿಯಿತು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಟೂರ್ನಮೆಂಟ್ ಮಟ್ಟದ ಆಟಕ್ಕೆ ಬೇಕಾದದ್ದು ಭಾಷೆ ಅಲ್ಲ, ನೆನಪು ಮತ್ತು ಲೆಕ್ಕ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ಲಿನ ವಿಶ್ವ ಚಾಂಪಿಯನ್ ಆದರು. ಈ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಕೂಡ ಲೆಕ್ಕದ ಮನುಷ್ಯ. 1930ರ ದಶಕದಲ್ಲಿ ಕೆಲಸ ಕಳೆದುಕೊಂಡ ಈ ವಾಸ್ತುಶಿಲ್ಪಿ ಪತ್ರಿಕೆ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸುತ್ತಾ ಕೂತಿದ್ದರು. 100 ಬಿಲ್ಲೆಗಳಲ್ಲಿ 'ಇ' 12, 'ಕ್ಯೂ' ಒಂದೇ ಒಂದು ಇರುವುದು ಅದಕ್ಕೇ. ಇದನ್ನು ಓದಿದಾಗ, ಅರೆ, ಇವರು ನಮ್ಮ ಪೈಕಿ ಅನ್ನಿಸಿತು. ಆಟದಲ್ಲಿ ಇಡಬಹುದಾದ ಪದಗಳ ಕಾಲಿನ್ಸ್ ಪಟ್ಟಿಯಲ್ಲಿ ಜೋವಾರ್, ರಾಗಿ, ರೋಟಿ ಇವೆ ಅಂತ ಗೊತ್ತಾದ ದಿನ ಸಾಹುಕಾರರಿಗೆ ಹೇಳಿದೆ. "ಜ್ವಾಳಾನೂ ಇಂಗ್ಲಿಷ್ ಆತೇನಪ? ಧಾರಣಿ ಎಷ್ಟು ಅಲ್ಲಿ?" ಅಂದರು. ಬರೀ ಬಿಲ್ಲೆಯ ಬೆಲೆಯೇ 15 ಅಂಕ, 'ಜೆ' ಒಂದಕ್ಕೇ 8.

ಪದ ಕಲಿಯುವುದು ದುಡಿಮೆಯ ಕೆಲಸ. ಎರಡಕ್ಷರದ ಪದಗಳು ನೂರಿಪ್ಪತ್ತರ ಮೇಲಿವೆ, ಮೊದಲು ಅವನ್ನು ಬಾಯಿಪಾಠ ಮಾಡಬೇಕು. ಕಷ್ಟ ಇರುವುದು ಬೇರೆ ಕಡೆ. ಗೊತ್ತಿರುವ ನಾಲ್ಕು ಪದಗಳಲ್ಲಿ ಯಾವುದನ್ನು ಇಡುವುದು? ಇದರಲ್ಲಿ ನಾನು ಬಹಳ ದಿನ ಮೋಸ ಹೋದೆ. ಮೋಸ ಮಾಡಿದ್ದು ಒಂದು ಗೆಲುವು.

ಬೆಂಗಳೂರಿನಲ್ಲಿ ನನ್ನ ಎರಡನೇ ಟೂರ್ನಮೆಂಟ್. ಒಂದು ಆಟದಲ್ಲಿ ಮೊದಲ ಸರದಿ ನನ್ನದು. ಕೈಯಲ್ಲಿ ಎಫ್, ಇ, ಡಬ್ಲ್ಯೂ, ಇ, ಆರ್, ಎನ್, ಟಿ. 'ಫ್ಯೂಯರ್' ಇಟ್ಟರೆ ಎಫ್ ಅಕ್ಷರದ ಬೆಲೆ ಎರಡು ಪಟ್ಟಾಗುವ ಡಬಲ್ ಲೆಟರ್ ಮನೆಗೆ ಬೀಳುತ್ತದೆ, ಬೋರ್ಡಿನ ನಡುಮನೆ ಇಡೀ ಪದವನ್ನು ಡಬಲ್ ಮಾಡುತ್ತದೆ. ಒಟ್ಟು 30. ಕೈಯಲ್ಲಿ ಉಳಿಯುವುದು ಎನ್, ಟಿ. ಇನ್ನೊಂದು ದಾರಿ ಬರೀ 'ಫ್ಯೂ'. ಅದಕ್ಕೆ 18, ಆದರೆ ಇ, ಆರ್, ಎನ್, ಟಿ ನಾಲ್ಕೂ ಉಳಿಯುತ್ತವೆ. ಒಳ್ಳೆಯ ಉಳಿಕೆ ಮುಂದಿನ ಸರದಿಯಲ್ಲಿ ಏಳೂ ಬಿಲ್ಲೆ ಇಡಿಸಿ 50 ಬೋನಸ್ ತರುತ್ತದೆ ಅಂತ ಆಗಷ್ಟೇ ಓದಿದ್ದೆ. ಹೊಸದಾಗಿ ಕಲಿತವನ ಹುಮ್ಮಸ್ಸು, ಅಲ್ವಾ? 'ಫ್ಯೂ' ಇಟ್ಟೆ.

ಚೀಲದಿಂದ ಬಂದದ್ದು ಎ, ಐ, ಎಂ. ಮಿನರೆಟ್! ನಮ್ಮೂರಿನ ಏಕ್ ಮಿನಾರ್ ಮಸೀದಿಯೇ ರೈಲು ಹತ್ತಿ ಬಂದು ನನ್ನ ಬಿಲ್ಲೆ ಜೋಡಿಸುವ ಪಟ್ಟಿಯ ಮೇಲೆ ನಿಂತ ಹಾಗಾಯಿತು. ಒಂದೇ ಏಟಿಗೆ ಎಪ್ಪತ್ತರ ಹತ್ತಿರ ಅಂಕ. ಆಟ ಗೆದ್ದೆ. ಅದಾಗಿ ಒಂದು ವರ್ಷ 12, 15 ಅಂಕ ಬಿಟ್ಟುಕೊಟ್ಟು ಉಳಿಕೆ ಕಾಪಾಡುವುದೇ ದೊಡ್ಡ ಜಾಣತನ ಅಂತ ಆಡಿದೆ. ಸೋತಾಗ ನಸೀಬಿಗೆ ಬೈದೆ.

ಆಮೇಲೆ ಕ್ವ್ಯಾಕಲ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕಿತು. ಪ್ರತಿ ನಡೆಗೂ ಅಂಕ ಎಷ್ಟು, ಉಳಿಕೆಯ ಬೆಲೆ ಎಷ್ಟು ಅಂತ ತೂಗಿ ಹೇಳುತ್ತದೆ. ಹೆಮ್ಮೆಯಿಂದ ನನ್ನ 'ಫ್ಯೂ' ಹಾಕಿ ನೋಡಿದೆ. ಅದು 'ಫ್ಯೂಯರ್'ಗಿಂತ ಕೆಳಗೆ ಕೂತಿತ್ತು. ಸಿಟ್ಟು ಬಂತು. ಪೆನ್ನು ಹಿಡಿದು ಲೆಕ್ಕ ಹಾಕಿದೆ. ನನ್ನ ಕಣ್ಣಿಗೆ ಕಾಣದ ಬಿಲ್ಲೆ 93. ಅದರಲ್ಲಿ ಎ 9, ಐ 9, ಎಂ 2. ಮೂರು ತೆಗೆದರೆ ಸರಿಯಾಗಿ ಆ ಮೂರೇ ಬರುವ ಸಾಧ್ಯತೆ ಸುಮಾರು 800ರಲ್ಲಿ ಒಂದು. ಬೇರೆ ಬಿಲ್ಲೆ ಬಂದರೂ ಬೋನಸ್ ಸಿಗಬಹುದಿತ್ತು, ನಿಜ. ಆದರೆ 'ಫ್ಯೂಯರ್' ಇಟ್ಟಿದ್ದರೂ ಎನ್, ಟಿ ಜೊತೆ ಐದು ಹೊಸ ಬಿಲ್ಲೆ ಬರುತ್ತಿತ್ತಲ್ಲ? ಬರೀ ಇ, ಆರ್ ಉಳಿಸಿಕೊಳ್ಳಲು 12 ಅಂಕ ಕೊಟ್ಟಿದ್ದೆ. ತುಟ್ಟಿ ವ್ಯಾಪಾರ.

ಗಂಜಿನಲ್ಲಿ ಇದನ್ನು ದಿನಾ ನೋಡುತ್ತೇನೆ. ಹತ್ತಿ ಇಟ್ಟುಕೊಂಡವನಿಗೆ ಧಾರಣೆ ಏರಿದರೆ "ನಾ ಆಗ್ಲೇ ಹೇಳಿದ್ದಿಲ್ಲೇನು?" ಬಿದ್ದರೆ "ನಸೀಬ್ರಿ." ಇಟ್ಟುಕೊಂಡ ದಿನ ಅವನಿಗೆ ಗೊತ್ತಿದ್ದದ್ದು ಏನು ಅಂತ ಯಾರೂ ಕೇಳುವುದಿಲ್ಲ. ಕಿರ್ದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ನಾನು ಕಾಲಂ ಹಾಕಿಕೊಂಡೆ. ಬಿಲ್ಲೆ ಇಟ್ಟು, ಅಂಕ ಹೇಳಿ, ಗಡಿಯಾರ ಒತ್ತಿ, ಸ್ಕೋರ್ ಬರೆದು, ಆಮೇಲೆ ಚೀಲಕ್ಕೆ ಕೈ ಹಾಕಬೇಕು. ಆ ಬರೆಯುವ ಹೊತ್ತಿನಲ್ಲೇ ಪಕ್ಕಕ್ಕೆ ಒಂದು ಅಕ್ಷರ ಗೀಚುತ್ತೇನೆ. ಲೆಕ್ಕ ಹಾಕಿ ಆಡಿದ್ದರೆ 'ಗ', ಗಟ್ಟಿ. ಆಸೆಗೆ ಬಿದ್ದು ಆಡಿದ್ದರೆ 'ಜೂ', ಜೂಜು. ಹೊಸ ಬಿಲ್ಲೆ ನೋಡುವ ಮೊದಲೇ ಬರೆಯಬೇಕು, ಇದೊಂದೇ ಕಟ್ಟುನಿಟ್ಟು. ನೋಡಿದ ಮೇಲೆ ಬರೆದರೆ ಮನಸ್ಸು ಸುಳ್ಳು ಹೇಳುತ್ತದೆ. ಒಬ್ಬರಿಗೆ 25 ನಿಮಿಷ, ಮೀರಿದರೆ ನಿಮಿಷಕ್ಕೆ 10 ಅಂಕ ಖೋತಾ. ಒಂದು ಅಕ್ಷರಕ್ಕೆ ಅಷ್ಟೇನೂ ಹೊತ್ತು ಹೋಗುವುದಿಲ್ಲ.

ಆರು ತಿಂಗಳ ಚೀಟಿ ಸೇರಿಸಿ ನೋಡಿದಾಗ ನಾಚಿಕೆಯಾಯಿತು. ನಸೀಬು ಅಂತ ಬೈದಿದ್ದ ಎಷ್ಟೋ ಸೋಲುಗಳಲ್ಲಿ ಸಾಲು ಸಾಲು 'ಜೂ'. ಬಿಲ್ಲೆ ಬದಲಿಸಲು ಹೆದರಿದ್ದೂ ಕಂಡಿತು. ಎರಡು ಯು, ಮೂರು ಐ, ಎರಡು ವಿ ಹಿಡಿದುಕೊಂಡು ನಾಲ್ಕೈದು ಅಂಕಕ್ಕೆ ಒದ್ದಾಡಿದ್ದೇನೆ, ಸೊನ್ನೆ ಬರೆಸಲು ಮನಸ್ಸಾಗದೆ. ಚೀಲದಲ್ಲಿ ಏಳಾದರೂ ಇರುವಾಗ ಒಂದು ಸರದಿ ಬಿಟ್ಟು ಬದಲಿಸಬಹುದು. ಈಗ ಬದಲಿಸುತ್ತೇನೆ. ಇಡೀ ಆಟಕ್ಕೆ ನಾಲ್ಕೇ ಇರುವ 'ಎಸ್' ಅನ್ನು ಮೂರು ಅಂಕದ ಆಸೆಗೆ ಖರ್ಚು ಮಾಡುವುದೂ ನಿಂತಿದೆ.

ಬಿಲ್ಲೆ ಎಣಿಸುವುದು ಮಾತ್ರ ನನಗೆ ಯಾರೂ ಕಲಿಸಬೇಕಿರಲಿಲ್ಲ. ಬೋರ್ಡಿಗೆ ಬಿದ್ದದ್ದನ್ನು ಹಾಳೆಯಲ್ಲಿ ಹೊಡೆಯುತ್ತಾ ಹೋದರೆ ಕೊನೆಗೆ ಉಳಿದದ್ದು ಎದುರಿನವರ ಕೈಯಲ್ಲಿ, ಇಲ್ಲ ಚೀಲದಲ್ಲಿ. ಸಂಜೆ ಗಲ್ಲಾ ತಾಳೆ ನೋಡಿದ ಹಾಗೆ.

ಹೋದ ಸಲ ಬೆಂಗಳೂರಿನ ಕೊನೆಯ ಆಟ. ನಾನು 14 ಮುಂದೆ. ಚೀಲದಲ್ಲಿ ಎರಡು, ಎದುರಿನ ಅಕ್ಕನ ಕೈಯಲ್ಲಿ ಏಳು. ಆ ಒಂಬತ್ತರಲ್ಲಿ ಕ್ಯೂ ಇದೆ. ಒಂಬತ್ತೂ ಐ ಮುಗಿದಿವೆ, ಯಾವ ಅಕ್ಷರವಾಗಿಯೂ ಇಡಬಹುದಾದ ಖಾಲಿ ಬಿಲ್ಲೆ ಎರಡೂ ಹೋಗಿವೆ, 'ಕ್ಯೂಐ' ಮಾಡಲು ಬೋರ್ಡಿನಲ್ಲಿ ಖುಲ್ಲಾ ಇರುವ ಐ ಇಲ್ಲ. ಕ್ಯೂ, ಎ, ಟಿ ಸೇರಿದ 'ಕ್ಯಾಟ್' ಇಡಲೂ ಜಾಗವಿಲ್ಲ. ಕ್ಯೂ ಯಾರ ಕೈಯಲ್ಲಿ ಉಳಿಯಿತೋ ಅವರು ಸತ್ತರು. ಇನ್ನೊಬ್ಬರು ಬಿಲ್ಲೆ ಮುಗಿಸಿದರೆ ಅದರ ಬೆಲೆಯ ಎರಡು ಪಟ್ಟು, 20, ಅವರಿಗೆ ಹೋಗುತ್ತದೆ. ನನ್ನ ಮುಂದೆ ಎರಡು ದಾರಿ. ಎರಡು ಬಿಲ್ಲೆ ಇಟ್ಟರೆ 14 ಅಂಕ, ಚೀಲದ ಎರಡೂ ನನಗೆ. ಒಂದು ಇಟ್ಟರೆ 11, ಚೀಲದಿಂದ ಒಂದೇ. ಕ್ಯೂ ನನಗೆ ಬರುವ ಭಯ ಒಂಬತ್ತರಲ್ಲಿ ಎರಡರಿಂದ ಒಂಬತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಮೂರು ಅಂಕಕ್ಕೆ ಅದು ಅಗ್ಗ. ಒಂದೇ ಬಿಲ್ಲೆ ಇಟ್ಟೆ. ಚೀಟಿಯಲ್ಲಿ 'ಗ' ಬರೆದೆ. ಕೈ ಹಾಕಿದೆ.

ಕ್ಯೂ ಬಂತು.

ಆರು ಅಂಕದಲ್ಲಿ ಸೋತೆ. ಅಕ್ಕ ಕೈ ಕುಲುಕಿ, "ಚೀಲದಲ್ಲಿ ಇತ್ತಾ ಅದು? ಪಾಪ" ಅಂದರು. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವನಿಗೆ ಗುಂತಕಲ್ಲಿನ ತನಕ ನಿದ್ದೆ ಬರಲಿಲ್ಲ. ಅದೇ ನಡೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬೇರೆ ಆಡುತ್ತಿದ್ದೆನಾ? ಇಲ್ಲ.

ಬೆಳಿಗ್ಗೆ ಮನೆಯಲ್ಲಿ ಮಗಳು ಬ್ಯಾಗಿನಿಂದ ಚೀಟಿ ತೆಗೆದಳು.

"ಅಪ್ಪಾ, ಸೋತಿಯೇನು?"

"ಹ್ಞೂಂ."

"ಮತ್ತ ಇಲ್ಲಿ 'ಗ' ಅಂತ ಬರ್ದಿ. ಕ್ಯೂ ಬಂದೈತಲ್ಲ ನಿನಗ. 'ಜೂ' ಮಾಡ್ಲೇನು?"

"ಬ್ಯಾಡವಾ, ಇರ್ಲಿ ಅದು," ಅಂದು ಮುಖ ತೊಳೆಯಲು ಹೋದೆ. ಒಂಬತ್ತಕ್ಕೆ ಗಂಜು.