ಸೆಮಿ ಆಟೋ ಕೋವಿಯಲ್ಲಿ ತೋಟೆ ಸಿಕ್ಕಿಕೊಂಡರೆ ಎಲ್ಲಿಂದ ಹುಡುಕಬೇಕು

ಮಳೆ ನಿಂತು ಕಾಫಿ ಹಣ್ಣಾಗುವ ಹೊತ್ತಿಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಆಗ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. ಮೊದಲ ಈಡು ಹೋಯಿತು, ಎರಡನೇದಕ್ಕೆ ಸಿಕ್ಕಿಕೊಂಡಿತು. ತಕ್ಷಣ ಮಾಡುವ ಕೆಲಸವೂ ಒಂದೇ, ಎಣ್ಣೆ ಬಾಟಲಿ ತಂದು ಕಂಡ ಸಂದಿಗೆಲ್ಲಾ ಸುರಿಯುವುದು. ದಯವಿಟ್ಟು ಹಾಗೆ ಮಾಡಬೇಡಿ. ತೋಟೆ ಎಲ್ಲಿ ನಿಂತಿತು ಅಂತ ನೋಡದೆ ಎಣ್ಣೆ ಹಾಕಿದರೆ ಕಾರಣ ಮುಚ್ಚಿಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ.

ಪಂಪ್ ಆಕ್ಷನ್ ಕೋವಿ ಇರುವವರೂ ಇದನ್ನು ಓದಬಹುದು. ತೋಟೆ ತುಂಬಿಡುವ ಮ್ಯಾಗಜಿನ್ ಕೊಳವೆ, ತೋಟೆ ಮೇಲೆತ್ತುವ ಲಿಫ್ಟರ್, ಹಾರಿದ ತೋಟೆಯ ಖಾಲಿ ಕೇಸನ್ನು ಎಳೆಯುವ ಎಕ್ಸ್‌ಟ್ರಾಕ್ಟರ್ ಎರಡರಲ್ಲೂ ಇವೆ. ಸೆಮಿ ಆಟೋದಲ್ಲಿ ಮುಂದಿನ ತೋಟೆ ತಾನಾಗೇ ಏರುವಂತೆ ಗ್ಯಾಸೋ ಹಿನ್ನೊದೆತವೋ ಮಾಡುವ ಕೆಲಸವನ್ನು ಪಂಪ್‌ನಲ್ಲಿ ನಿಮ್ಮ ಕೈ ಮಾಡುತ್ತದೆ, ಅಷ್ಟೇ.

ಮೊದಲು ಕೋವಿ ಖಾಲಿ ಮಾಡಿ. ಕೊಳವೆ ಮ್ಯಾಗಜಿನ್ ಇರುವ ಕೋವಿಯಲ್ಲಿ ಚೇಂಬರ್, ಅಂದರೆ ತೋಟೆ ಕೂತು ಹಾರುವ ನಳಿಗೆಯ ಹಿಂತುದಿ, ಖಾಲಿ ಇದ್ದರೂ ಕೆಳಗಿನ ಕೊಳವೆಯಲ್ಲಿ ಒಂದು ತೋಟೆ ಉಳಿದಿರಬಹುದು, ಅದು ಸಿಕ್ಕಿಕೊಂಡಿದ್ದರೆ ಅಲುಗಾಡಿಸಿದರೂ ಬರುವುದಿಲ್ಲ, ಚೇಂಬರ್ ಮುಚ್ಚುವ ಬೋಲ್ಟನ್ನು ನೀವು ಎಳೆದು ಬಿಟ್ಟ ತಕ್ಷಣ ಸುಮ್ನೆ ಮೇಲೆ ಬಂದು ಕೂರುತ್ತದೆ. ಹಾಗಾಗಿ ನಳಿಗೆಯ ಬಾಯಿ ಜನ, ದನ, ಮನೆ ಇಲ್ಲದ ಕಡೆ ಇರಲಿ. ಬೆರಳು ಟ್ರಿಗರ್‌ನಿಂದ ಹೊರಗೆ. ಚೇಂಬರ್ ಒಳಗೆ ಬೆರಳು ಹಾಕಿ ನೋಡಿ. ಕೊಳವೆಯ ಬಾಯಲ್ಲಿ ಫಾಲೋವರ್, ಅಂದರೆ ಸ್ಪ್ರಿಂಗಿನ ತುದಿಯ ಟೋಪಿ, ಕಣ್ಣಿಗೆ ಕಾಣಬೇಕು. ಅದು ಕಾಣದಿದ್ದರೆ ಕೋವಿ ಖಾಲಿಯಾಗಿದೆ ಅಂತ ನಂಬಬೇಡಿ. ಕೆಲಸ ಮುಗಿಯುವ ತನಕ ತೋಟೆಗಳು ಬೇರೆ ಕೋಣೆಯಲ್ಲಿರಲಿ. ತೋಟೆ ಏರುತ್ತದಾ ಇಲ್ಲವಾ ಅಂತ ಜೋಡಿಸಿದ ಕೋವಿಗೆ ಮನೆಯೊಳಗೆ ನಿಜವಾದ ತೋಟೆ ಹಾಕಿ ನೋಡುವುದು ಬೇಡವೇ ಬೇಡ. ಅದಕ್ಕೆ ಡಮ್ಮಿ ತೋಟೆ ಸಿಗುತ್ತದೆ, ಎರಡು ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಕೆಲಸಕ್ಕೂ ಲೈಸೆನ್ಸ್ ಬೇಕು. ಬಿಚ್ಚಿ ಒರೆಸುವುದು, ಎಣ್ಣೆ ಹಾಕುವುದು, ತೋಟೆ ನೋಡಿಕೊಳ್ಳುವುದು ನಮ್ಮ ಕೆಲಸ. ಅರ ಹಾಕಿ ಉಜ್ಜುವುದು, ಬಗ್ಗಿಸುವುದು, ವೆಲ್ಡಿಂಗ್ ಮಾಡಿಸುವುದು ಲೈಸೆನ್ಸ್ ಇರುವ ಕೋವಿ ಅಂಗಡಿಯವರದ್ದು. ಊರಿನ ಲೇತ್ ಅಂಗಡಿಗೆ ಒಯ್ದರೆ ಕೋವಿಯೂ ಹಾಳು, ನಿಮಗೂ ಕೇಸು.

ಈಗ ಮುಖ್ಯ ವಿಷಯ. ಈಡು ಹಾರಿದ ಮೇಲೆ ಒಳಗೆ ಏನಾಗುತ್ತದೆ? ಬೋಲ್ಟ್ ಹಿಂದೆ ಹೋಗುತ್ತದೆ. ಹೋಗುವಾಗ ಎಕ್ಸ್‌ಟ್ರಾಕ್ಟರ್ ಖಾಲಿ ಕೇಸನ್ನು ಎಳೆದು ತರುತ್ತದೆ, ಎಜೆಕ್ಟರ್ ಅದನ್ನು ಪಕ್ಕದ ಬಾಗಿಲಿನಿಂದ ಹೊರಗೆ ಚಿಮ್ಮಿಸುತ್ತದೆ. ಕೊಳವೆಯ ಬಾಯಲ್ಲಿರುವ ಕೊಂಡಿ ಸರಿದು ಒಂದೇ ಒಂದು ಹೊಸ ತೋಟೆಯನ್ನು ಬಿಡುತ್ತದೆ. ಅದು ಲಿಫ್ಟರ್ ಮೇಲೆ ಕೂರುತ್ತದೆ. ಬೋಲ್ಟ್ ಸ್ಪ್ರಿಂಗಿನ ಬಲದಿಂದ ವಾಪಸ್ ಬರುವಾಗ ಲಿಫ್ಟರ್ ತೋಟೆಯನ್ನು ಎತ್ತಿ ಕೊಡುತ್ತದೆ, ಬೋಲ್ಟ್ ಅದನ್ನು ಚೇಂಬರ್‌ಗೆ ತಳ್ಳಿ ಲಾಕ್ ಆಗುತ್ತದೆ. ಇಷ್ಟರಲ್ಲಿ ಯಾವ ಹೆಜ್ಜೆ ತಪ್ಪಿತು ಅನ್ನೋದನ್ನು ಸಿಕ್ಕಿಕೊಂಡ ತೋಟೆಯ ಜಾಗವೇ ಹೇಳುತ್ತದೆ. ಆದ್ದರಿಂದ ಸಿಕ್ಕಿಕೊಂಡ ಕೂಡಲೇ ಗಾಬರಿಯಿಂದ ಎಳೆದಾಡಬೇಡಿ. ಸೇಫ್ಟಿ ಹಾಕಿ, ಬಾಯಿ ಸುರಕ್ಷಿತ ಕಡೆ ಹಿಡಿದು, ಒಮ್ಮೆ ಕಣ್ಣಿಟ್ಟು ನೋಡಿ.

ಖಾಲಿ ಕೇಸು ಬಾಗಿಲಲ್ಲೇ ಕಚ್ಚಿಕೊಂಡಿದ್ದರೆ ಅದು ತೋಟೆ ಏರುವ ತೊಂದರೆಯೇ ಅಲ್ಲ. ಬೋಲ್ಟ್ ಪೂರ್ತಿ ಹಿಂದೆ ಹೋಗಲಿಲ್ಲ, ಇಲ್ಲವೇ ಎಕ್ಸ್‌ಟ್ರಾಕ್ಟರ್ ಹಿಡಿತ ಬಿಟ್ಟಿದೆ. ಇದನ್ನು ಜಾಸ್ತಿ ಜನ ಮ್ಯಾಗಜಿನ್ ತಪ್ಪು ಅಂದುಕೊಂಡು ಅದರ ಸ್ಪ್ರಿಂಗ್ ಬದಲಾಯಿಸುತ್ತಾರೆ, ದುಡ್ಡು ದಂಡ. ಕೇಸು ಹೊರಗೆ ಬಿತ್ತು, ಆದರೆ ಹೊಸ ತೋಟೆ ಕೊಳವೆಯಲ್ಲೇ ಉಳಿಯಿತು ಅಂದರೆ ಮ್ಯಾಗಜಿನ್ ಕಡೆ ನೋಡಬೇಕು. ಲಿಫ್ಟರ್ ಮೇಲೆ ಬಂದು ಏಳದೆ ಮಲಗಿದ್ದರೆ ಲಿಫ್ಟರ್ ಜಾಗದಲ್ಲಿ ಕೊಳೆ ಇದೆ, ಅಥವಾ ಬೋಲ್ಟ್ ವಾಪಸ್ ಬರುವ ಬಲ ಕಡಿಮೆಯಾಗಿದೆ. ಚೇಂಬರ್‌ಗೆ ಅರ್ಧ ಹೋಗಿ ನಿಂತಿದ್ದರೆ ತೋಟೆಯನ್ನೇ ಮೊದಲು ಅನುಮಾನಿಸಿ. ಎರಡು ತೋಟೆ ಒಟ್ಟಿಗೆ ಬಂದು ಒಂದು ಲಿಫ್ಟರ್ ಕೆಳಗೆ ಸೇರಿಕೊಂಡರೆ ಕೊಳವೆ ಬಾಯಿಯ ಕೊಂಡಿ ಸವೆದಿದೆ ಇಲ್ಲವೇ ಬಗ್ಗಿದೆ. ಈ ಕೊನೆಯದನ್ನು ನೀವು ಮುಟ್ಟಬೇಡಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತೋಟೆಯ ಬುಡದ ಸಿಡಿಮದ್ದಿನ ಕೇಪಿಗೆ ತಗುಲುವ ಅಪಾಯ ಇದೆ.

ಮ್ಯಾಗಜಿನ್ ಕಡೆಯ ತೊಂದರೆಗೆ ನಮ್ಮ ಕಡೆ ಎರಡೇ ದೊಡ್ಡ ಕಾರಣ: ತೇವ ಮತ್ತು ತಪ್ಪು ಎಣ್ಣೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಮನೆಯಲ್ಲಿ ಕೊಳವೆಯ ಒಳಗೆ ತುಕ್ಕು ಬರದೆ ಇರುತ್ತದಾ? ನಳಿಗೆಗೆ ಎಲ್ಲರೂ ಕಡ್ಡಿ ಹಾಕಿ ಒರೆಸುತ್ತಾರೆ. ಮ್ಯಾಗಜಿನ್ ಕೊಳವೆಯ ಒಳಗೆ ಒರೆಸುವವರು ತೀರಾ ಕಡಿಮೆ. ಕೊಳವೆಯ ಮುಂದಿನ ತುದಿಯ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ತೆಗೆಯಿರಿ. ಅದು ಒತ್ತಿಕೊಂಡು ಕೂತಿರುತ್ತದೆ, ಚಿಮ್ಮಿ ಕಣ್ಣಿಗೆ ಹೊಡೆಯುತ್ತದೆ, ಅಂಗೈ ಅಡ್ಡ ಹಿಡಿದೇ ಬಿಚ್ಚಿ. ಒಣ ಬಟ್ಟೆ ಸುತ್ತಿದ ಕಡ್ಡಿ ಕೊಳವೆಯೊಳಗೆ ಆಡಿಸಿದರೆ ಕೆಂಪು ತುಕ್ಕು, ಕಪ್ಪು ಜಿಡ್ಡು, ಕೆಲವೊಮ್ಮೆ ಹುಳ ಕಟ್ಟಿದ ಮಣ್ಣಿನ ಗೂಡೂ ಬರುತ್ತದೆ. ಫಾಲೋವರನ್ನು ಬರಿಗೊಳವೆಯಲ್ಲಿ ಹಾಕಿ ಕೋವಿಯನ್ನು ಹಿಂದೆ ಮುಂದೆ ವಾಲಿಸಿ. ಅಡ್ಡಿಯಿಲ್ಲದೆ ಜಾರಬೇಕು. ಒಂದೇ ಜಾಗದಲ್ಲಿ ಪ್ರತಿ ಸಲ ನಿಲ್ಲುತ್ತಿದ್ದರೆ ಹೊರಗಿನಿಂದ ಅಲ್ಲಿ ಬೆರಳಾಡಿಸಿ ನೋಡಿ, ಜೀಪಿನಲ್ಲಿ ಬಡಿದು ತಗ್ಗು ಬಿದ್ದಿರುತ್ತದೆ. ಕೆಲವು ಕೋವಿಗಳಲ್ಲಿ ಎರಡೇ ತೋಟೆ ಹಿಡಿಯಲಿ ಅಂತ ಕೊಳವೆಯೊಳಗೆ ಮರದ ಕಡ್ಡಿ ಇಟ್ಟಿರುತ್ತಾರೆ. ಮರ ಅಂದ ಮೇಲೆ ಮಲೆನಾಡಿನ ಮಳೆಗೆ ಉಬ್ಬಲೇಬೇಕು. ಅದನ್ನೂ ತೆಗೆದು ನೋಡಿ.

ಎಣ್ಣೆ ವಿಷಯ ಇನ್ನೂ ಮುಖ್ಯ. ನಮ್ಮಲ್ಲಿ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಹಳೇದು. ಜೋಡುನಳಿಗೆ ಕೋವಿಯಲ್ಲಿ ಅದು ಹೇಗೋ ನಡೆದುಹೋಯಿತು, ಅಲ್ಲಿ ಓಡಾಡುವ ಭಾಗಗಳೇ ಕಡಿಮೆ. ಸೆಮಿ ಆಟೋದಲ್ಲಿ ನಡೆಯುವುದಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುತ್ತಮುತ್ತ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ನಮ್ಮೂರುಗಳಲ್ಲಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ, ಬಚ್ಚಲುಮನೆಯ ಬಾಟಲಿ ನೋಡಿದರೇ ಗೊತ್ತಾಗುತ್ತದೆ ಅಲ್ವಾ. ಅದೇ ಎಣ್ಣೆ ಲಿಫ್ಟರ್ ಸಂದಿಯಲ್ಲೂ, ಕೊಂಡಿಯ ಕೆಳಗೂ ಮೇಣದಂತೆ ಕೂತಿರುತ್ತದೆ. ಮಧ್ಯಾಹ್ನ ಚೆನ್ನಾಗಿ ನಡೆದ ಕೋವಿ ಬೆಳಗಿನ ಜಾವ ಸಿಕ್ಕಿಕೊಳ್ಳುತ್ತದೆ ಅಂದರೆ ನಾನು ಮೊದಲು ಕೇಳುವುದೇ ಯಾವ ಎಣ್ಣೆ ಹಾಕಿದ್ದೀರಿ ಅಂತ. ವರ್ಷ ಕಳೆದರೆ ಅದು ಅಂಟಾಗಿ ಬಿಡುತ್ತದೆ, ಸುಟ್ಟ ಮಸಿಯ ಪುಡಿ ಅದಕ್ಕೆ ಮೆತ್ತಿಕೊಳ್ಳುತ್ತದೆ. ಹಳೇ ಎಂಜಿನ್ ಆಯಿಲ್ ಕೂಡ ಬೇಡ. ಕೋವಿಗೆಂದೇ ಬರುವ ತೆಳು ಎಣ್ಣೆ ತನ್ನಿ. ಹಳೇ ಅಂಟನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬ್ರಶ್‌ನಿಂದ ತೆಗೆದು, ಪೂರ್ತಿ ಒರೆಸಿ ಒಣಗಿಸಿ, ಆಮೇಲೆ ತೆಳುವಾಗಿ ಹಚ್ಚಿ. ಸೀಮೆಎಣ್ಣೆ ರಬ್ಬರ್ ರಿಂಗಿಗೂ ಮರದ ಹಿಡಿಗೂ ತಾಗದಿರಲಿ. ಮ್ಯಾಗಜಿನ್ ಕೊಳವೆಯ ಒಳಗೆ ಎಣ್ಣೆ ನಿಲ್ಲುವಷ್ಟು ಹಾಕಬೇಡಿ. ಹೆಚ್ಚಾದ ಎಣ್ಣೆ ಇಳಿದು ತೋಟೆಯ ಕೇಪಿಗೆ ಸೇರಿದರೆ ಆ ತೋಟೆ ಹಾರದೆಯೂ ಇರಬಹುದು.

ಚುನಾವಣೆ ವರ್ಷದಲ್ಲಿ ಇನ್ನೂ ಹುಷಾರು. ಠಾಣೆಯಲ್ಲಿ ಕೋವಿ ಜಮೆ ಮಾಡಿ ಕೆಲವು ತಿಂಗಳು ಬಿಟ್ಟು ತಂದ ಮೇಲೆ ಒಂದು ಸಲ ಪೂರ್ತಿ ಬಿಚ್ಚಿ ಒರೆಸದೆ ಉಪಯೋಗಿಸಬೇಡಿ. ಜಮೆಗೆ ಕೊಡುವ ಮುಂಚೆಯೇ ಒಣಗಿಸಿ, ತೆಳು ಎಣ್ಣೆ ಹಚ್ಚಿ ಕೊಟ್ಟರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಬೋಲ್ಟ್ ಪೂರ್ತಿ ಹಿಂದೆ ಹೋಗದ ತೊಂದರೆಗೆ ಕೋವಿ ಯಾವ ಜಾತಿಯದ್ದು ಅಂತ ಗೊತ್ತಿರಬೇಕು. ಗ್ಯಾಸ್ ಕೋವಿಯಲ್ಲಿ ನಳಿಗೆಯ ಸಣ್ಣ ತೂತುಗಳಿಂದ ಬರುವ ಗ್ಯಾಸ್ ಪಿಸ್ಟನ್ ತಳ್ಳುತ್ತದೆ. ತೂತು ಮಸಿ ಕಟ್ಟಿದರೆ ಬಲ ಸಾಲದು. 1963ರಲ್ಲಿ ಬಂದ ರೆಮಿಂಗ್ಟನ್ 1100ರಲ್ಲಿ ಗ್ಯಾಸ್ ಸೋರದಂತೆ ಒಂದು ರಬ್ಬರ್ ಓ ರಿಂಗ್ ಇದೆ. ಅದು ಹರಿದರೆ, ಇಲ್ಲವೇ ಪಿಸ್ಟನ್ ತುಂಡುಗಳನ್ನು ಉಲ್ಟಾ ಜೋಡಿಸಿದರೆ, ಕೇಸು ಬಾಗಿಲಲ್ಲೇ ನಿಲ್ಲುತ್ತದೆ. ಬಿಚ್ಚುವಾಗ ಫೋನಿನಲ್ಲಿ ಫೋಟೋ ತೆಗೆದಿಡಿ, ಜೋಡಿಸುವಾಗ ಗೊಂದಲ ಇರುವುದಿಲ್ಲ. ಬೆನೆಲ್ಲಿಯಂಥ ಇನರ್ಷಿಯಾ ಕೋವಿಗೆ ಗ್ಯಾಸ್ ಇಲ್ಲ, ಹಿನ್ನೊದೆತವೇ ಬೇಕು. ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯದಿದ್ದರೆ, ತೋಟೆ ಹಗುರವಾಗಿದ್ದರೆ, ಕೋವಿಗೆ ಟಾರ್ಚು ಅದು ಇದು ಅಂತ ಭಾರ ಕಟ್ಟಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಇಂಥ ಕೋವಿಯಲ್ಲಿ ಬೋಲ್ಟನ್ನು ಸದ್ದಾಗದ ಹಾಗೆ ಮೆಲ್ಲಗೆ ಬಿಡಲೂಬಾರದು, ಅದು ಪೂರ್ತಿ ಲಾಕ್ ಆಗದೆ ಬರೀ ಕ್ಲಿಕ್ ಅನ್ನುತ್ತದೆ.

ಇನ್ನು ಬ್ರೌನಿಂಗ್ ಆಟೋ 5. ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಇದರಲ್ಲಿ ನಳಿಗೆಯೇ ಬೋಲ್ಟ್ ಜೊತೆ ಹಿಂದೆ ಹೋಗುತ್ತದೆ. ಮುಂಭಾಗದ ಮರ ಬಿಚ್ಚಿದರೆ ಮ್ಯಾಗಜಿನ್ ಕೊಳವೆಯ ಮೇಲೆ ದೊಡ್ಡ ಸ್ಪ್ರಿಂಗ್, ಒಂದು ಕಂಚಿನ ತುಂಡು, ಒಂದು ಉಕ್ಕಿನ ಬಳೆ ಕಾಣುತ್ತವೆ. ಭಾರದ ತೋಟೆಗೆ ಆ ಬಳೆ ಸ್ಪ್ರಿಂಗಿನ ಮುಂದೆ, ಕಂಚಿನ ತುಂಡಿಗೆ ಒತ್ತಿಕೊಂಡಿರಬೇಕು. ಹಗುರ ತೋಟೆಗೆ ಬಳೆಯನ್ನು ಸ್ಪ್ರಿಂಗಿನ ಹಿಂದೆ, ಬೋಲ್ಟ್ ಕೂತಿರುವ ಪೆಟ್ಟಿಗೆಯಾದ ರಿಸೀವರ್ ಕಡೆಗೆ ಇಡಬೇಕು. ಭಾರದ ಜೋಡಣೆಯಲ್ಲಿ ಹಗುರ ತೋಟೆ ಹೊಡೆದರೆ ಸಿಕ್ಕಿಕೊಳ್ಳುತ್ತದೆ. ಹಗುರದ ಜೋಡಣೆಯಲ್ಲಿ ಭಾರದ್ದು ಹೊಡೆದರೆ ಮುಂಭಾಗದ ಮರ ಸೀಳುತ್ತದೆ. ಎಷ್ಟೋ ಜನಕ್ಕೆ ಈ ಬಳೆ ಯಾಕಿದೆ ಅಂತಲೇ ಗೊತ್ತಿಲ್ಲ, ಇಂಥ ಒಳ್ಳೆ ಕೋವಿ ಸುಮ್ನೆ ಹಾಳಾಗುವುದು ನೋಡಿದರೆ ಬೇಜಾರಾಗುತ್ತದೆ.

ಬೋಲ್ಟನ್ನು ಮುಂದೆ ತಳ್ಳುವ ಸ್ಪ್ರಿಂಗ್ ಕೆಲವು ಕೋವಿಗಳಲ್ಲಿ ಹಿಂಬದಿಯ ಮರದ ಒಳಗಿನ ಕೊಳವೆಯಲ್ಲಿ ಅಡಗಿರುತ್ತದೆ. ಮಳೆಯಲ್ಲಿ ನೆಂದ ಕೋವಿಯನ್ನು ನಿಲ್ಲಿಸಿಟ್ಟರೆ ನೀರು ನೇರ ಅಲ್ಲಿಗೇ ಇಳಿಯುತ್ತದೆ. ಬೋಲ್ಟ್ ಎಳೆದು ಬಿಟ್ಟಾಗ ಚಟ್ಟನೆ ಬಡಿಯದೆ ಸೋಮಾರಿಯಂತೆ ತೆವಳಿದರೆ ಈ ಸ್ಪ್ರಿಂಗ್ ತುಕ್ಕು ಹಿಡಿದಿರಬಹುದು. ಅಂಗಡಿಯಲ್ಲೇ ಬಿಚ್ಚಿಸಿ.

ಕೊನೆಗೆ ತೋಟೆ. ನನ್ನ ಪ್ರಕಾರ ಇದನ್ನೇ ಎಲ್ಲಕ್ಕಿಂತ ಮೊದಲು ನೋಡಬೇಕು, ಯಾಕಂದರೆ ಖರ್ಚಿಲ್ಲ. ನಳಿಗೆಯನ್ನು ಕೋವಿಯಿಂದ ಪೂರ್ತಿ ಬಿಚ್ಚಿ, ಅದನ್ನು ಮಾತ್ರ ತೋಟೆ ಇರುವ ಕೋಣೆಗೆ ಒಯ್ದು, ಕೈಯಲ್ಲಿ ಹಿಡಿದು ಚೇಂಬರ್‌ಗೆ ತೋಟೆ ಹಾಕಿ ನೋಡಿ. ತನ್ನ ಭಾರಕ್ಕೇ ಒಳಗೆ ಬೀಳಬೇಕು, ತಲೆಕೆಳಗು ಮಾಡಿದರೆ ತಾನೇ ಹೊರಗೆ ಬೀಳಬೇಕು. ಬೆರಳಿಂದ ಒತ್ತಬೇಕಾದರೆ ತೋಟೆ ಉಬ್ಬಿದೆ, ಅಥವಾ ಚೇಂಬರ್‌ನಲ್ಲಿ ತುಕ್ಕು, ಪ್ಲಾಸ್ಟಿಕ್ ಕರೆ ಕಟ್ಟಿದೆ. 12 ಬೋರಿನ ನಳಿಗೆ ಸುಮಾರು 18.5 ಮಿಲಿಮೀಟರ್, ಚೇಂಬರ್ ಅದಕ್ಕಿಂತ ಅಗಲ. ಹಾಗಾಗಿ ನಳಿಗೆಯ ಬ್ರಶ್ ಚೇಂಬರ್ ಗೋಡೆಗೆ ಸರಿಯಾಗಿ ತಾಗುವುದೇ ಇಲ್ಲ, ದಪ್ಪ ಬ್ರಶ್ ಬೇಕು. ಹಳೇ ಕಾಗದದ ತೋಟೆಗಳು ತೇವಕ್ಕೆ ಬೇಗ ಉಬ್ಬುತ್ತವೆ. ಪ್ಲಾಸ್ಟಿಕ್ ತೋಟೆಯ ಬುಡದ ಲೋಹಕ್ಕೂ ತುಕ್ಕು, ಹಸಿರು ಕರೆ ಬರುತ್ತದೆ. ಎಕ್ಸ್‌ಟ್ರಾಕ್ಟರ್ ಹಿಡಿಯುವುದೇ ಆ ಲೋಹದ ಅಂಚನ್ನು.

ಉದ್ದವೂ ನೋಡಿ. ನಳಿಗೆಯ ಮೇಲೆ 65, 70 ಅಥವಾ 76 ಮಿಲಿಮೀಟರ್ ಅಂತ ಕೊರೆದಿರುತ್ತದೆ. ತೋಟೆಯ ಡಬ್ಬದ ಮೇಲಿನ ಉದ್ದ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನದ್ದು. ಹಾಗಾಗಿ 70ರ ತೋಟೆ 65ರ ಚೇಂಬರ್‌ನಲ್ಲಿ ಆರಾಮಾಗಿ ಕೂರಬಹುದು, ಆದರೆ ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಹಾಕಬೇಡಿ. ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆ ಕೊಂಡರೂ, ಬೇರೆ ಕೊಂಡರೂ ಡಬ್ಬ ಓದಿ ಕೊಳ್ಳಿ. ಬಾಯಿ ಮಡಚಿರುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಅಂಚು ಸುರುಳಿ ಮಾಡಿ ಮೇಲೆ ಬಿಲ್ಲೆ ಇಟ್ಟ ತೋಟೆ, ನಕ್ಷತ್ರದಂತೆ ಮಡಚಿದ ತೋಟೆಗಿಂತ ಉದ್ದ. ಕೆಲವು ಲಿಫ್ಟರ್‌ಗಳಿಗೆ ಅದು ಒಗ್ಗುವುದಿಲ್ಲ. ಮನೆಯಲ್ಲಿ 20 ಬೋರಿನ ಕೋವಿಯೂ ಇದ್ದರೆ ಎರಡರ ತೋಟೆ ಒಂದೇ ಚೀಲದಲ್ಲಿ ಇಡಲೇಬಾರದು. 20ರ ತೋಟೆ 12ರದ್ದಕ್ಕಿಂತ ಸಣ್ಣದು, 12ರ ಚೇಂಬರ್ ದಾಟಿ ಮುಂದೆ ಹೋಗಿ ಕಾಣದಂತೆ ಕೂರುತ್ತದೆ. ಅದರ ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.

ತೋಟೆಗಳನ್ನು ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗಿರಲಿ ಅಂತ ಇಡಬೇಡಿ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಕೋವಿಯಿಂದ ಬೇರೆ ಕಡೆ, ಬೀಗದೊಳಗೆ ಇಡಿ.

ತೇವ ತಾಗಿದ ತೋಟೆಯ ಇನ್ನೊಂದು ಅಪಾಯ ಸದ್ದಿನಲ್ಲಿ ಗೊತ್ತಾಗುತ್ತದೆ. ಟ್ರಿಗರ್ ಒತ್ತಿದಾಗ ಬರೀ ಕ್ಲಿಕ್ ಅಂದರೆ ಬಾಯಿ ಸುರಕ್ಷಿತ ಕಡೆಗೇ ಹಿಡಿದು ಅರ್ಧ ನಿಮಿಷಕ್ಕೂ ಜಾಸ್ತಿ ಕಾಯಿರಿ, ತಡವಾಗಿ ಹಾರಬಹುದು. ಪುಸ್ ಅಂತ ಸಪ್ಪೆ ಸದ್ದು ಬಂದರೆ ಇನ್ನೊಂದು ಈಡು ಹೊಡೆಯಲೇಬೇಡಿ, ಹೊಸ ತೋಟೆ ಸರಿಯಾಗಿ ಏರಿದ್ದರೂ ಸರಿ. ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ, ಅಂದರೆ ವಾಡ್, ನಳಿಗೆಯಲ್ಲೇ ನಿಂತಿರಬಹುದು. ಕೋವಿ ಖಾಲಿ ಮಾಡಿ, ನಳಿಗೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ.

ಇಷ್ಟೆಲ್ಲಾ ಆದರೂ ಸರಿಹೋಗದಿದ್ದರೆ ಲೈಸೆನ್ಸ್ ಪುಸ್ತಕದ ಜೊತೆ ಅಂಗಡಿಗೆ ಒಯ್ಯಿರಿ. ಹೋಗುವಾಗ ಆ ಕೋವಿಯಲ್ಲೇ ಹೊಡೆದ ನಾಲ್ಕೈದು ಖಾಲಿ ಕೇಸು, ತೋಟೆಯ ಡಬ್ಬ, ಸಿಕ್ಕಿಕೊಂಡಾಗ ತೆಗೆದ ಫೋಟೋ ಇರಲಿ. ಎಷ್ಟನೇ ಈಡಿಗೆ ನಿಂತಿತು, ತೋಟೆ ಎಲ್ಲಿತ್ತು, ಬೆಳಗ್ಗೆಯೋ ಮಧ್ಯಾಹ್ನವೋ ಅಂತ ಬರೆದುಕೊಳ್ಳಿ. ಕೇಸಿನ ಅಂಚಿನ ಮೇಲೆ ಎಕ್ಸ್‌ಟ್ರಾಕ್ಟರ್ ಕಚ್ಚಿದ ಗುರುತು ನೋಡಿದರೆ ತಿಳಿದ ಮೆಕ್ಯಾನಿಕ್ ಕೋವಿ ಬಿಚ್ಚುವ ಮೊದಲೇ ಅರ್ಧ ಹೇಳಿಬಿಡುತ್ತಾನೆ.