ರನ್ನನ ದುರ್ಯೋಧನನನ್ನು ತರಗತಿಯಲ್ಲಿ ಚರ್ಚಿಸುವುದು ಹೇಗೆ?

ರನ್ನನ ಹಳಗನ್ನಡ ಕಾವ್ಯ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಯುವ ಭಾಗ ಚರ್ಚೆಗೆಂದೇ ಬರೆದಂತಿದೆ. ಕಥೆ ಎಲ್ಲರಿಗೂ ಗೊತ್ತು. ಕೆಟ್ಟವನು ಯಾರೆಂದು ವಿದ್ಯಾರ್ಥಿಗಳು ಮೊದಲೇ ತೀರ್ಮಾನಿಸಿ ಬಂದಿರುತ್ತಾರೆ. ಆ ತೀರ್ಮಾನ ಪದ್ಯದಿಂದ ಪದ್ಯಕ್ಕೆ ಅಲುಗಾಡುವುದನ್ನು ಇಡೀ ತರಗತಿ ಒಟ್ಟಿಗೆ ಅನುಭವಿಸುವುದಿದೆಯಲ್ಲ, ಆ ಸುಖ ಒಬ್ಬರೇ ಕೂತು ಓದಿದರೆ ಸಿಗುವುದಿಲ್ಲ.

50 ನಿಮಿಷದ ಅವಧಿಗೆ ಮೂರು ಪದ್ಯ ಸಾಕು: ಅಭಿಮನ್ಯು, ದುಶ್ಶಾಸನ, ಕರ್ಣ ಇವರ ಶವಗಳ ಮುಂದೆ ಅವನಾಡುವ ಒಂದೊಂದು ಮಾತು. ಆರೇಳು ಇಟ್ಟುಕೊಂಡರೆ ಅರ್ಥ ಹೇಳುವುದರಲ್ಲೇ ಗಂಟೆ ಹೊಡೆಯುತ್ತದೆ. ಹಿಂದಿನ ದಿನವೇ ಪದ್ಯಗಳನ್ನು ಪದ ಬಿಡಿಸಿ ಬರೆದು, ಕಠಿಣ ಪದಗಳ ಅರ್ಥ ಸೇರಿಸಿ, ಒಂದು ಹಾಳೆಯಲ್ಲಿ ಜೆರಾಕ್ಸ್ ಮಾಡಿ ಹಂಚಿ. ಸಾರಾಂಶ ಬೇಡವೇ ಬೇಡ. ಅದು ಕೈಗೆ ಸಿಕ್ಕರೆ ಪದ್ಯವನ್ನು ಯಾರೂ ನೋಡುವುದಿಲ್ಲ.

ಮೊದಲ ಹತ್ತು ನಿಮಿಷ ಬರೀ ಓದು. ನೀವೊಮ್ಮೆ ಲಯಕ್ಕೆ ಓದಿ, ಆಮೇಲೆ ವಿದ್ಯಾರ್ಥಿಯೊಬ್ಬರು ಪದ ಬಿಡಿಸಿ ಓದಲಿ. ಕಣ್ಣಿಗೆ ಕಷ್ಟವೆನಿಸುವ ಹಳಗನ್ನಡ ಕಿವಿಗೆ ಬಿದ್ದಾಗ ಅರ್ಧ ತಿಳಿಯಾಗಿರುತ್ತದೆ.

ದುಶ್ಶಾಸನನ ಪದ್ಯದಿಂದ ಮಾತು ಶುರುವಾಗಲಿ. ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಎಲ್ಲದರಲ್ಲೂ ನನ್ನ ಹಿಂದೆ ಬಂದವನು ಸಾವಿನಲ್ಲಿ ಮಾತ್ರ ಆ ಕ್ರಮ ಮೀರಿದೆ ಎನ್ನುತ್ತಾನೆ ಅಣ್ಣ. ‘ಇಲ್ಲಿ ಅಳುತ್ತಿರುವವನು ರಾಜನೋ, ಅಣ್ಣನೋ? ಯಾವ ಪದ ನೋಡಿ ಹಾಗೆನ್ನುತ್ತೀರಿ?’ ಎಂದು ಕೇಳಿ. ಎರಡನೆಯ ಪ್ರಶ್ನೆ ಬಿಟ್ಟರೆ ಬರುವುದು ಗೈಡಿನ ಉತ್ತರವೇ. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಿದಿರೋ, ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಕರ್ಣನ ಪದ್ಯಕ್ಕೆ ಇಪ್ಪತ್ತು ನಿಮಿಷ ಮೀಸಲಿಡಿ. ನೀನು ಯಾರೆಂದು ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ, ಸೂರ್ಯ, ಸಹದೇವ ಬಲ್ಲರು ಎನ್ನುತ್ತಾನೆ ದುರ್ಯೋಧನ. ಗೊತ್ತಿದ್ದೂ ಸುಮ್ಮನಿದ್ದದ್ದು ಸ್ನೇಹವೋ, ಸ್ವಾರ್ಥವೋ? ನಾಲ್ಕು ನಾಲ್ಕು ಜನ ಐದು ನಿಮಿಷ ತಮ್ಮಲ್ಲೇ ಮಾತಾಡಿಕೊಳ್ಳಲಿ, ಬಳಿಕ ಇಡೀ ತರಗತಿಯ ಮುಂದೆ ಹೇಳಲಿ. ಎರಡೂ ಪಕ್ಷದ ಕಾರಣಗಳನ್ನು ಹೇಳಿದವರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯಿರಿ. ನಿಮ್ಮ ಅಭಿಪ್ರಾಯ ಕೊನೆಗಿರಲಿ.

ದ್ರೌಪದಿಯ ಸೀರೆ ಸೆಳೆಸಿದವನಿಗೆ ಕನಿಕರವೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಳ್ಳಿಹಾಕಬೇಡಿ, ನ್ಯಾಯವಾದ ಪ್ರಶ್ನೆ ಅದು. ಆದರೆ ಮಾತು ಟಿವಿ ಮಹಾಭಾರತದ ಕಡೆ ಜಾರದಂತೆ ರನ್ನನತ್ತಲೇ ತಿರುಗಿಸಿ: ಈ ಕಾವ್ಯಕ್ಕೆ ಸಾಹಸಭೀಮ ವಿಜಯವೆಂದೂ ಹೆಸರಿಟ್ಟು, ಆಶ್ರಯದಾತ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ ಕವಿ, ಭೀಮನ ವೈರಿಯ ಬಾಯಲ್ಲಿ ಇಂಥ ಮಾತು ಏಕಿಟ್ಟ? ಅಭಿಮನ್ಯುವಿನ ಪದ್ಯ ಈಗ ಕೆಲಸಕ್ಕೆ ಬರುತ್ತದೆ. ಶತ್ರುವಿನ ಮಗನ ಮುಂದೆ ನಿಂತು, ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡುತ್ತಾನಲ್ಲ!

ಇಬ್ಬರು ಮೂವರೇ ಮಾತಾಡುತ್ತಿದ್ದರೆ, ಒಮ್ಮೆ ಹೇಳಿದವರು ಬೇರೆ ಮೂವರು ಮಾತಾಡುವವರೆಗೆ ಕಾಯಬೇಕೆಂಬ ನಿಯಮ ಮಾಡಿ. ಕೊನೆಯ ಐದು ನಿಮಿಷದಲ್ಲಿ, ತಮ್ಮ ಮನಸ್ಸು ಬದಲಿಸಿದ ಅಥವಾ ಗಟ್ಟಿಮಾಡಿದ ಒಂದು ಪದ ಯಾವುದೆಂದು ಎಲ್ಲರೂ ಎರಡು ಸಾಲು ಬರೆದುಕೊಡಲಿ. ಒಂದಕ್ಕೊಂದು ಎದುರಾಗುವ ಎರಡು ಚೀಟಿ ಆರಿಸಿ, ಹೆಸರು ಹೇಳದೆ ಓದಿ ಮುಂದಿನ ತರಗತಿ ಶುರುಮಾಡಿ.