ಐದು ಜನರನ್ನು ಒಂದು ಹಲಗೆ ಸುತ್ತ ಕೂರಿಸಿದ್ದು: ಚೌಕಾಬಾರದ ನನ್ನ ಅನುಭವ

ನಮ್ಮ ಮನೆಯಲ್ಲಿ ಐದು ಜನ. ಅಮ್ಮ, ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು, ಐದನೇ ಕ್ಲಾಸಿನ ಮಗ, ನಾನು. ಮೈಸೂರಿನಲ್ಲಿ ಮನೆ. ಈಗ ದಿನಾ ರಾತ್ರಿ ಊಟ ಆದಮೇಲೆ ಒಂಬತ್ತು, ಒಂಬತ್ತೂಕಾಲಿಗೆ ಐದೂ ಜನ ಕೂತು ಚೌಕಾಬಾರ, ಅಂದರೆ ಕವಡೆ ಹಾಕಿ ಮನೆಯಿಂದ ಮನೆಗೆ ಕಾಯಿ ನಡೆಸುವ ಆಟ, ಆಡುತ್ತೇವೆ. ಇಪ್ಪತ್ತು, ಇಪ್ಪತ್ತೈದು ನಿಮಿಷ. ಮೊಬೈಲು ಪಕ್ಕದಲ್ಲೇ ಬಿದ್ದಿರುತ್ತದೆ, ಯಾರೂ ಮುಟ್ಟುವುದಿಲ್ಲ. ಶುರು ಮಾಡಿದಾಗ ನನ್ನ ಭಾವಮೈದ, "ಭಾವ, ಒಂದು ವಾರ ಅಷ್ಟೇ, ಆಮೇಲೆ ಅವರವರ ಮೊಬೈಲು ಅವರವರಿಗೆ" ಅಂದಿದ್ದ. ಆಫೀಸಿನಲ್ಲಿ ಇನ್ನೂ ಇಬ್ಬರು ಅದನ್ನೇ ಹೇಳಿದ್ದರು. ಎಂಟು ತಿಂಗಳು ದಾಟಿತು, ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಟ ಹೇಗೆ ಆಡುವುದು ಅಂತ ಹೇಳಲು ಹೋಗುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಕವಡೆ ಎಲ್ಲಿ ಸಿಗುತ್ತದೆ ಅನ್ನುವುದೂ ಗೊತ್ತು. ಮನೆಯವರನ್ನು ಕೂರಿಸಿ, ಮಾರನೇ ದಿನವೂ ಕೂರುವ ಹಾಗೆ ಮಾಡುವುದು ಹೇಗೆ ಅನ್ನುವುದಕ್ಕೆ ನನಗೆ ಐದಾರು ವರ್ಷ ಹಿಡಿಯಿತು. ದುಡ್ಡೂ ಹೋಯಿತು.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೊದಲು ಮೀನಿನ ತೊಟ್ಟಿ ತಂದೆ, ಕಲ್ಲು, ಪಂಪು, ಲೈಟು ಎಲ್ಲ ಸೇರಿ ಆರೂವರೆ ಸಾವಿರ. ಎರಡು ತಿಂಗಳು ಮಕ್ಕಳು ನೋಡಿದರು, ಆಮೇಲೆ ನೀರು ಬದಲಾಯಿಸುವುದು ಹೆಂಡತಿ ಪಾಲಿಗೆ ಬಂತು. ಆಮೇಲೆ ಮಗಳಿಗೆ ಕೀಬೋರ್ಡ್, ಒಂಬತ್ತು ಸಾವಿರದ ಹತ್ತಿರ, ಕ್ಲಾಸಿನ ಫೀಸು ಬೇರೆ. ಆಮೇಲೆ ಕೇರಂ ಬೋರ್ಡು, ಮೂರು ಸಾವಿರ ಚಿಲ್ಲರೆ. ಕೇರಂ ಒಳ್ಳೆಯ ಆಟವೇ, ಆದರೆ ಅಮ್ಮನ ಬೆರಳಿಗೆ ಆಗುವುದಿಲ್ಲ, ಮಗನ ಕೈ ಎಟುಕುವುದಿಲ್ಲ, ಹೀಗಾಗಿ ಆಡುವವರು ನಾನು, ಮಗಳು ಇಬ್ಬರೇ. ಆಮೇಲೆ ಒಂದು ಪ್ರೊಜೆಕ್ಟರ್, ಹದಿನಾಲ್ಕು ಸಾವಿರ. ಗೋಡೆ ಮೇಲೆ ಸಿನಿಮಾ ನೋಡಿದರೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ ಅಂದುಕೊಂಡೆ. ಕೂತರು, ಆದರೆ ಕತ್ತಲಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದೆ ಎರಡೂವರೆ ಗಂಟೆ ಕೂತರು. ಅದು ಒಟ್ಟಿಗೆ ಇದ್ದ ಹಾಗೆ ಅಲ್ಲ ಅಂತ ನನಗೆ ಅನ್ನಿಸಿತು. ಮಲ್ಟಿಪ್ಲೆಕ್ಸಿಗೆ ಹೋದರೂ ಅಷ್ಟೇ, ಐದು ಜನಕ್ಕೆ ತಿಂಡಿ ಸೇರಿ ಎರಡೂವರೆ ಸಾವಿರ ಹತ್ತಿರ ಆಗುತ್ತದೆ, ಬರುವಾಗ ಕಾರಿನಲ್ಲಿ ಎಲ್ಲರೂ ಸುಮ್ಮನೆ ಕೂತಿರುತ್ತಾರೆ. ಎಲ್ಲ ಸೇರಿದರೆ ನಲವತ್ತು, ನಲವತ್ತೈದು ಸಾವಿರ ಖರ್ಚಾಗಿರಬೇಕು. ಮಕ್ಕಳಿಗೆ ಹವ್ಯಾಸವನ್ನು ಅಂಗಡಿಯಿಂದ ತಂದು ಕೊಡಲು ಆಗುವುದಿಲ್ಲ ಅಂತ ನನಗೆ ಅರ್ಥವಾಗಿದ್ದು ಅಷ್ಟು ಕಳೆದ ಮೇಲೆ.

ಚೌಕಾಬಾರಕ್ಕೆ ಶುರುವಿನಲ್ಲಿ ಆಗಿದ್ದು ನೂರು ರೂಪಾಯಿಯೂ ಇಲ್ಲ. ದೇವರಾಜ ಮಾರುಕಟ್ಟೆ ಹತ್ತಿರದ ಗ್ರಂಧಿಗೆ (ಪೂಜೆ ಸಾಮಾನಿನ) ಅಂಗಡಿಯಲ್ಲಿ ಹತ್ತು ಕವಡೆ ತಂದೆ, ಅರುವತ್ತು ರೂಪಾಯಿ ಇರಬೇಕು. ಆಟದ ಮನೆ ಬರೆಯುವುದೇ ಕಷ್ಟವಾಯಿತು. ಅಮ್ಮನ ಊರಿನ ಮನೆಯಲ್ಲಿ ಕೆಂಪು ನೆಲ, ಸೀಮೆಸುಣ್ಣದಲ್ಲಿ ಬರೆದರೆ ಎರಡು ದಿನ ಇರುತ್ತಿತ್ತು. ನಮ್ಮದು ನುಣುಪಾದ ಟೈಲ್ಸ್. ಬರೆದ ಹತ್ತು ನಿಮಿಷಕ್ಕೆ ಮಗನ ಚಡ್ಡಿಗೆ ಅರ್ಧ ಮನೆ ಅಂಟಿಕೊಂಡು ಹೋಗುತ್ತಿತ್ತು. ಇನ್ಸುಲೇಷನ್ ಟೇಪು ಅಂಟಿಸಿದೆ. ಚೆನ್ನಾಗಿಯೇ ಇತ್ತು, ಕಿತ್ತಾಗ ಗೋಂದು ಉಳಿಯಿತು, ಹೆಂಡತಿ ಸೀಮೆಎಣ್ಣೆ ಬಟ್ಟೆ ಹಿಡಿದು ಒರೆಸುತ್ತಾ, "ರೀ, ಇನ್ನೊಂದು ಸಲ ನೆಲಕ್ಕೆ ಏನಾದ್ರೂ ಅಂಟಿಸಿದ್ರೆ ನೋಡಿ" ಅಂದಳು. ಕೊನೆಗೆ ಬಡಗಿ ಹತ್ತಿರ ಎರಡಡಿ ಪ್ಲೈವುಡ್ ತುಂಡು ಕೇಳಿ ತಂದೆ. ಮಗಳು ಬಣ್ಣ ಹಚ್ಚಿ ಐದೈದು ಇಪ್ಪತ್ತೈದು ಮನೆ ಬರೆದಳು. ಕತ್ತರಿ ಹಾಕುವ (ಕಾಯಿ ಹೊಡೆಯುವಂತಿಲ್ಲದ) ಮನೆಗಳಿಗೆ ಸುಮ್ಮನೆ ಗೆರೆ ಎಳೆಯದೆ ಅಜ್ಜಿ ಕೈಯಲ್ಲಿ ರಂಗೋಲಿ ಎಳೆ ಬರೆಸಿದಳು. ಅಂಗಡಿಯಲ್ಲಿ ಕೆತ್ತನೆ ಮಾಡಿದ ಹಲಗೆ ಸಾವಿರಗಟ್ಟಲೆ ಬೆಲೆಗೆ ಸಿಗುತ್ತದೆ. ನಮ್ಮ ಹಲಗೆ ಅದಕ್ಕಿಂತ ಚೆಂದ ಇದೆ, ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಆಮೇಲೆ ಕವಡೆ. ನಮ್ಮ ಹತ್ತು ಕವಡೆಯಲ್ಲಿ ಯಾವ ನಾಲ್ಕು ತೆಗೆದರೂ ಚೌಕ (ನಾಲ್ಕೂ ಬಾಯಿ ಮೇಲೆ) ವಿಪರೀತ ಬೀಳುತ್ತಿತ್ತು, ಬಾರ (ನಾಲ್ಕೂ ಬಾಯಿ ಕೆಳಗೆ) ಬೀಳುತ್ತಲೇ ಇರಲಿಲ್ಲ. ಮಗನಿಗೆ ಅನುಮಾನ ಬಂತು. ಇಬ್ಬರೂ ಒಂದು ಭಾನುವಾರ ಕೂತು ಇನ್ನೂರು ಸಲ ಹಾಕಿ ಅವನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಗೀಟು ಎಳೆದೆವು. ಚೌಕ ಇಪ್ಪತ್ತಾರೋ ಇಪ್ಪತ್ತೇಳೋ, ಬಾರ ಐದೇ ಐದು. ಎರಡು ಕಡೆಯೂ ಸಮ ಬೀಳುವ ವಸ್ತುವಾದರೆ ಹದಿನಾರು ಸಲಕ್ಕೆ ಒಂದು ಚೌಕ, ಒಂದು ಬಾರ ಬರಬೇಕು, ಅಂದರೆ ಇನ್ನೂರಕ್ಕೆ ಹನ್ನೆರಡು ಹದಿಮೂರು. ಕವಡೆ ತಿರುಗಿಸಿ ನೋಡಿದರೆ ಬೆನ್ನು ಚಪ್ಪಟೆ. ಬೆನ್ನ ಮೇಲೆ ಆರಾಮಾಗಿ ಮಲಗಿ ಬಾಯಿ ಮೇಲೆ ಮಾಡುತ್ತಿದ್ದವು.

ಅಮ್ಮ ಇದನ್ನೆಲ್ಲ ನೋಡಿ, "ಲೋ, ಹುಣಸೆ ಬೀಜ ಉಜ್ಜೋ, ಕವಡೆ ಯಾಕೆ" ಅಂದರು. ಅವರೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಣೆ ಹಾಕಿಕೊಂಡು ಕೂತರು. ಕಲ್ಲಿನ ಮೇಲೆ ಎರಡು ಹನಿ ನೀರು, ಬೀಜವನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಹಿಡಿದು ಹಿಂದಕ್ಕೆ ಮುಂದಕ್ಕೆ. ಮೊದಲು ಕಂದು ಸಿಪ್ಪೆ ಕೆಸರಿನ ಹಾಗೆ ಇಳಿಯುತ್ತದೆ, ಆಮೇಲೆ ನಡುವೆ ಒಂದು ಬಿಳಿ ಚುಕ್ಕೆ ಕಾಣುತ್ತದೆ, ಅದು ಅಗಲವಾಗುತ್ತಾ ಅಂಚಿಗೆ ಬರುತ್ತದೆ. ಅಂಚು ಮುಟ್ಟಿದ ಕೂಡಲೇ ಅಮ್ಮ ನಿಲ್ಲಿಸುತ್ತಿದ್ದರು. ನಾನು ಮಾಡಿದ ಮೊದಲ ಎರಡು ತೆಳ್ಳಗಾಗಿ ಹೋದವು, ಹಾಕಿದರೆ ಪುಟಿದು ಸೋಫಾ ಕೆಳಗೆ ಸೇರುತ್ತಿದ್ದವು. ಅಮ್ಮ ಮಾಡಿದ ನಾಲ್ಕನ್ನು ಮಗ ಮತ್ತೆ ಇನ್ನೂರು ಸಲ ಹಾಕಿದ. ಚೌಕ ಹದಿನಾಲ್ಕು, ಬಾರ ಹನ್ನೊಂದು, ಹತ್ತಿರ ಹತ್ತಿರ ಅಷ್ಟೇ. ಅಮ್ಮನ ಅಂದಾಜು ಲೆಕ್ಕಕ್ಕೆ ಸರಿ ಬಂದಿತ್ತು. ಮಗ ಅವತ್ತಿನಿಂದ ಅಜ್ಜಿಯನ್ನು ನೋಡುವ ರೀತಿಯೇ ಬೇರೆ. ಈಗ ಬೀಜವನ್ನೇ ಹಾಕುತ್ತೇವೆ. ಉಜ್ಜಿದ ಮೇಲೆ ಅದಕ್ಕೆ ಇನ್ನೊಂದು ಕೆಲಸ ಮಾಡುತ್ತೇನೆ, ಅದರಿಂದ ವರ್ಷವಾದರೂ ಸೀಳುವುದಿಲ್ಲ. ಅದು ನಮ್ಮ ಮನೆಯದ್ದಾಗಿಯೇ ಇರಲಿ.

ಹಲಗೆ ಆಯಿತು, ಬೀಜ ಆಯಿತು, ಆದರೂ ಆಟ ಮನೆಯಲ್ಲಿ ನೆಲೆಯೂರಲಿಲ್ಲ. ಮೊದಲ ತಪ್ಪು, ಮೊಬೈಲುಗಳನ್ನು ಸ್ಟೀಲ್ ಡಬ್ಬಿಗೆ ಹಾಕಿಸಿದ್ದು. ಮಗಳು ಹಾಕಿದಳು, ಮುಖ ಗಂಟು ಹಾಕಿಕೊಂಡು ಕೂತಳು, ಬೇಕೂಂತ ಬೇಗ ಸೋತು ಎದ್ದು ಹೋದಳು. ನಾಲ್ಕು ದಿನಕ್ಕೆ ಡಬ್ಬಿ ಅಡುಗೆಮನೆಗೆ ವಾಪಸ್ ಹೋಯಿತು. ಎರಡನೇ ತಪ್ಪು, ಎಂಟೂವರೆಗೆ ಇಟ್ಟಿದ್ದು. ಅದು ಅಮ್ಮನ ಧಾರಾವಾಹಿ ಹೊತ್ತು. ಆ ಅರ್ಧ ಗಂಟೆಗೆ ಅವರು ಇಡೀ ದಿನ ಕಾಯುತ್ತಾರೆ. ಧಾರಾವಾಹಿಯನ್ನು ಬೈಯುವ ಗಂಡಸರು ಬಹಳ ಜನ ಇದ್ದಾರೆ, ನಾನು ಆ ಗುಂಪಿಗೆ ಸೇರುವುದಿಲ್ಲ. ಅತ್ತೆ-ಸೊಸೆ ಇಬ್ಬರೂ ಸೇರಿ ಅದರಲ್ಲಿನ ಅತ್ತೆ-ಸೊಸೆಯರ ಬಗ್ಗೆ ಮಾತಾಡುವಾಗ ನಮ್ಮ ಮನೆಯ ಎಷ್ಟೋ ವಿಷಯ ಸರಿಹೋಗಿದೆ. ಮೂರನೇ ತಪ್ಪು, ನಾಲ್ಕು ಕಾಯಿ ಇಟ್ಟು ಆಡಿದ್ದು. ನಾಲ್ಕು ಕಡೆಯವರು ಆಡಿದರೆ ಒಂದು ಗಂಟೆ ಹತ್ತಿರ ಎಳೆಯುತ್ತದೆ, ನಡುಮನೆ ಸೇರಿ ಹಣ್ಣಾಗುವ ಬಾಗಿಲಲ್ಲಿ ಕಾಯಿ ಹೊಡೆಸಿಕೊಂಡ ಮಗ ಅಳುತ್ತಾ ಮಲಗುತ್ತಿದ್ದ.

ದಾರಿ ಸಿಕ್ಕಿದ್ದು ಕ್ರಿಕೆಟ್‌ನಿಂದ. 2025ರ ಐಪಿಎಲ್. ನಮ್ಮ ಮನೆಯಲ್ಲಿ ಎಲ್ಲರೂ ಆರ್‌ಸಿಬಿ, ಅಮ್ಮ ಕೂಡ. ಏಳೂವರೆಗೆ ಮ್ಯಾಚ್ ಶುರುವಾದರೆ ಒಂಬತ್ತು ದಾಟಿದ ಮೇಲೆ ಇಪ್ಪತ್ತು ನಿಮಿಷ ಬ್ರೇಕ್. ಆ ಹೊತ್ತಿಗೆ ಊಟ ಆಗಿರುತ್ತದೆ, ಎಲ್ಲರೂ ಹಾಲ್‌ನಲ್ಲೇ ಇರುತ್ತಾರೆ, ಯಾರಿಗೂ ಏಳಲು ಮನಸ್ಸಿಲ್ಲ, ಜಾಹೀರಾತು ನೋಡಲೂ ಮನಸ್ಸಿಲ್ಲ, ಕೈ ತಾನಾಗೇ ಮೊಬೈಲಿಗೆ ಹೋಗುವ ಹೊತ್ತು ಅದು. ನಾನು ಏನೂ ಹೇಳದೆ ಹಲಗೆ ತಂದು ಮಧ್ಯದಲ್ಲಿ ಇಟ್ಟೆ. ಎರಡೇ ಕಾಯಿ. ಅಜ್ಜಿ-ಮೊಮ್ಮಗ ಒಂದು ಜೋಡಿ, ಉಳಿದ ಮೂರು ಕಡೆ ನಾವು ಮೂವರು. ಎರಡು ಕಾಯಿಗೆ ಇಳಿಸಿದ ಮೇಲೆ ಆಟ ಬ್ರೇಕಿಗೆ ಸರಿಯಾಗಿ ಮುಗಿಯತೊಡಗಿತು, ಜಾಸ್ತಿ ಎಂದರೆ ಒಂದೆರಡು ಓವರ್ ತಪ್ಪುತ್ತಿತ್ತು. ಮುಗಿಯದಿದ್ದರೆ ಮಗಳು ಮೊಬೈಲಿನಲ್ಲಿ ಹಲಗೆಯ ಫೋಟೋ ತೆಗೆಯುತ್ತಾಳೆ, ನಾಳೆ ಅದೇ ಮನೆಗಳಲ್ಲಿ ಕಾಯಿ ಇಟ್ಟು ಮುಂದುವರಿಸುತ್ತೇವೆ. ಮೊಬೈಲು ಆಟಕ್ಕೇ ಬೇಕಾದ ಸಾಮಾನಾಯಿತು.

ಇನ್ನೊಂದು ಜಗಳ ಬಂತು. ಅಮ್ಮನ ಕಡೆ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹೆಂಡತಿ ತವರಲ್ಲಿ ಹಾಗೇನಿಲ್ಲ. ಇಬ್ಬರೂ ತಮ್ಮದೇ ಸರಿ ಅಂತ ಕೂತರು. ನಾನು ನಿರ್ಧಾರ ಹೇಳಲಿಲ್ಲ, ಮಗಳಿಗೆ ಹಳೇ ಡೈರಿ ಕೊಟ್ಟು "ನೀನೇ ಬರಿ, ನೀನು ಬರೆದದ್ದೇ ನಿಯಮ" ಅಂದೆ. ನನ್ನ ಲೆಕ್ಕದಲ್ಲಿ ಎಲ್ಲ ಬದಲಾಗಿದ್ದು ಅಲ್ಲಿ. ಅವಳು ಮನೆಯಲ್ಲಿರುವ ಅಜ್ಜಿಯನ್ನೂ, ಫೋನ್ ಮಾಡಿ ಇನ್ನೊಬ್ಬ ಅಜ್ಜಿಯನ್ನೂ ಕೇಳಿ, ಹನ್ನೊಂದು ನಿಯಮ ಬರೆದಳು. ಕೆಳಗೆ ಐಪಿಎಲ್ ತರಹ ಪಾಯಿಂಟ್ಸ್ ಟೇಬಲ್ ಬೇರೆ. ಹದಿನಾಲ್ಕು ವರ್ಷದ ಮಕ್ಕಳಿಗೆ ಮನೆಯಲ್ಲಿ ಎಲ್ಲರೂ ಬರೀ ಹೇಳುತ್ತಲೇ ಇರುತ್ತೇವೆ, ಅವರು ಹೇಳಿದ್ದು ನಡೆಯುವ ಜಾಗ ಒಂದೂ ಇರುವುದಿಲ್ಲ. ಹಲಗೆ ಮೇಲೆ ಅವಳ ಮಾತು ನಡೆಯುತ್ತದೆ, ಅಜ್ಜಿಯೂ ಕೇಳಬೇಕು.

ಮೇ 9ಕ್ಕೆ ಐಪಿಎಲ್ ನಿಂತುಹೋಯಿತಲ್ಲ, ಒಂದು ವಾರ. ಇನ್ನು ಮುಗಿಯಿತು ಅಂದುಕೊಂಡೆ. ಮ್ಯಾಚ್ ಇಲ್ಲ, ಬ್ರೇಕ್ ಇಲ್ಲ, ಯಾರು ಕೂರುತ್ತಾರೆ? ನಾನು ಹಲಗೆ ಮುಟ್ಟಲೇ ಇಲ್ಲ, ಬೇಕೂಂತಲೇ ಸುಮ್ಮನಿದ್ದೆ. ಎರಡನೇ ದಿನ ಒಂಬತ್ತೂಕಾಲಿಗೆ ಮಗ ಹಲಗೆ ಎಳೆದುಕೊಂಡು ಬಂದ. "ಅಜ್ಜಿ, ಬಾ" ಅಂದ, ಅಷ್ಟೇ. ನನಗೆ ಗಂಟಲು ಕಟ್ಟಿದ ಹಾಗಾಯಿತು. ಮೇ 17ಕ್ಕೆ ಬೆಂಗಳೂರಿನಲ್ಲಿ ಮತ್ತೆ ಶುರುವಾಯಿತು, ಕೋಲ್ಕತಾ ಮೇಲೆ, ಮಳೆಗೆ ಒಂದು ಬಾಲೂ ಆಡದೆ ರದ್ದು. ಅವತ್ತು ರಾತ್ರಿ ಮೂರು ಆಟ ಆಡಿದೆವು. ಜೂನ್ 3ರ ಫೈನಲ್ ದಿನ ಮಾತ್ರ ಬ್ರೇಕಿನಲ್ಲಿ ಯಾರ ಮನಸ್ಸೂ ಹಲಗೆ ಮೇಲೆ ಇರಲಿಲ್ಲ. 190 ಸಾಕಾಗುತ್ತದಾ ಅಂತಲೇ ಮಾತು. ಅಮ್ಮ ಬೀಜ ಕುಲುಕುತ್ತಾ "ಬಾರ ಬಿದ್ರೆ ನಮ್ಮೋರು ಗೆಲ್ತಾರೆ" ಅಂದು ಹಾಕಿದರು. ಬಿದ್ದದ್ದು ಮೂರು. ಮಗನ ಮುಖ ಬಾಡಿತು. ಆರು ರನ್ನಿನಲ್ಲಿ ಗೆದ್ದ ಮೇಲೆ ಅವನು ಆ ನಾಲ್ಕು ಬೀಜ ತೆಗೆದು ಒಂದು ಡಬ್ಬಿಗೆ ಹಾಕಿಟ್ಟ, ಈಗಲೂ ಅದನ್ನು ಯಾರೂ ಮುಟ್ಟುವಂತಿಲ್ಲ. ಅಮ್ಮ ಬೇರೆ ನಾಲ್ಕು ಉಜ್ಜಿಕೊಟ್ಟರು.

ಮಕ್ಕಳನ್ನು ಬೇಕೂಂತ ಗೆಲ್ಲಿಸುವ ಅಪ್ಪಂದಿರಿಗೆ ಒಂದು ಮಾತು. ನಾನೂ ಮಾಡಿದೆ. ಮಗನ ಕಾಯಿ ನನ್ನ ಎರಡಕ್ಕೆ ಸರಿಯಾಗಿ ಸಿಕ್ಕಿತ್ತು, ಬೇರೆ ಕಾಯಿ ನಡೆಸಿದೆ. ಅವನು ಹಲಗೆಯನ್ನೇ ನೋಡುತ್ತಾ, "ಅಪ್ಪಾ, ನೀನು ಬೇಕೂಂತ ಬಿಟ್ಟೆ. ನಾನು ಆಡಲ್ಲ" ಅಂದು ಎದ್ದ. ಎರಡು ದಿನ ಬರಲಿಲ್ಲ. ಆಮೇಲಿಂದ ಸಿಕ್ಕಿದರೆ ಹೊಡೆಯುತ್ತೇನೆ, ಅವನೂ ಹೊಡೆಯುತ್ತಾನೆ. ಈಗ ಅಳುವುದಿಲ್ಲ. ಯಾಕೆ ಅಳುವುದಿಲ್ಲ ಅಂದರೆ ಪಕ್ಕದಲ್ಲಿ ಅಜ್ಜಿ ಇದ್ದಾರೆ, ಹೊಡೆತ ಇಬ್ಬರಿಗೂ ಬೀಳುತ್ತದೆ.

ಮಧ್ಯದಲ್ಲಿ ಅಳಗುಳಿ ಮಣೆಯನ್ನೂ ಪ್ರಯತ್ನಿಸಿದೆ. ಹದಿನಾಲ್ಕು ಗುಳಿಯ ಮರದ ಮಣೆ, ಸಾವಿರದ ನೂರೋ ಏನೋ ಕೊಟ್ಟೆ. ಅಮ್ಮನ ಕೈ ಮಿಂಚಿನ ಹಾಗೆ ಓಡುತ್ತದೆ, ಯಾರಿಗೂ ಎಣಿಸಲು ಬಿಡುವುದಿಲ್ಲ. ಮಗಳು ಮೊದಲೇ ಲೆಕ್ಕ ಹಾಕಿ ಗೆಲ್ಲುತ್ತಾಳೆ. ಮಗ ನಾಲ್ಕೇ ದಿನಕ್ಕೆ ಬಿಟ್ಟ. ಇಬ್ಬರ ಆಟ ಅದು, ಉಳಿದ ಮೂವರು ಏನು ಮಾಡಬೇಕು? ಒಂದು ಎಚ್ಚರಿಕೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗುಲಗಂಜಿ ಹಾಕಿ ಆಡಬೇಡಿ, ಕಚ್ಚಿ ನುಂಗಿದರೆ ವಿಷ. ಹುಣಸೆ ಬೀಜವೇ ಸಾಕು.

ದಸರಾ ರಜದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಗೆ ಹೋಗಿದ್ದೆವು. ಹಂಪಿಯಲ್ಲಿ ಮಗ ಗೋಪುರ ನೋಡುವುದು ಬಿಟ್ಟು ಮಂಟಪದ ನೆಲವನ್ನೇ ನೋಡುತ್ತಾ ಓಡಾಡಿದ. ಕಲ್ಲಿನಲ್ಲಿ ಕೊರೆದ ಆಟದ ಮನೆಗಳು ಸಿಕ್ಕಿದವು. ಜೇಬಿನಿಂದ ಬೀಜ ತೆಗೆದು ಅಲ್ಲೇ ಕೂತ. ವಾಪಸ್ ಬಂದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಬಗ್ಗೆ ಹೇಳಿದೆ, ಮಣೆಯಾಟಗಳ ಹುಚ್ಚಿದ್ದ ರಾಜರು, ತಾವೇ ಹೊಸ ಆಟ ಕಟ್ಟಿದವರು, ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅಂತ ಒಂದು ಭಾಗವೇ ಆಟಗಳಿಗೆ ಇದೆ. "ರಾಜರು ಸೋತ್ರೆ ಏನು ಮಾಡ್ತಿದ್ರು?" ಅಂತ ಕೇಳಿದ. ಅದಕ್ಕೆ ಅಜ್ಜಿಯ ಹತ್ತಿರ ಒಂದು ಉದ್ದ ಕತೆ ಇತ್ತು.

ಪರೀಕ್ಷೆ ದಿನಗಳಲ್ಲಿ ಮಗಳನ್ನು ಹೇಗೆ ಕೂರಿಸುತ್ತೀರಿ ಅಂತ ಭಾವಮೈದ ಈಗ ಕೇಳುತ್ತಿದ್ದಾನೆ. ಅದನ್ನು ಅವನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ನಾಲ್ಕು ಬೀಜ ಮಾತ್ರ ಉಜ್ಜಿ ಕೊಟ್ಟಿದ್ದೇನೆ. ಈ ತಿಂಗಳ ಟೇಬಲ್‌ನಲ್ಲಿ ಅಜ್ಜಿ-ಮೊಮ್ಮಗ ಒಂಬತ್ತು, ಮಗಳು ಏಳು, ಹೆಂಡತಿ ನಾಲ್ಕು, ನಾನು ಐದು. ನಿನ್ನೆ ಆಟ ಮುಗಿಯಲಿಲ್ಲ. ಮಗಳ ಕೊನೇ ಕಾಯಿ ಹಣ್ಣಾಗಲು ಸರಿಯಾಗಿ ಮೂರೇ ಬೀಳಬೇಕು, ನನ್ನ ಕಾಯಿ ಅದರ ಎರಡು ಮನೆ ಹಿಂದಿದೆ, ಕೈ ನನ್ನದು. ಫೋಟೋ ಅವಳ ಮೊಬೈಲಿನಲ್ಲಿದೆ.